ಜೀಪಿನವರ ಕ್ಯಾಲ್ಕುಲೇಟರ್

ಶೃಂಗೇರಿಯಿಂದ ಕೆರೆಕಟ್ಟೆಗೆ ಬಾಡಿಗೆ ಜೀಪು ಓಡಿಸುವವರೊಬ್ಬರು ನಮ್ಮ ಪಕ್ಕದ ಮನೆಯಲ್ಲಿದ್ದರು. ಎಂಥ ಸಣ್ಣ ಲೆಕ್ಕವಾದರೂ ಹಳೇ ಕ್ಯಾಲ್ಕುಲೇಟರ್ ತೆಗೆದು, ಅಂಗಿಗೆ ಒರೆಸಿ, ಒಂದೊಂದೇ ಗುಂಡಿ ಒತ್ತುತ್ತಿದ್ದರು. “ಮೆಷಿನ್ ಸುಳ್ಳು ಹೇಳ್ತದಾ ಮಾರಾಯ?” ಅನ್ನುವುದು ಅವರ ಮಾತು.

ಒಮ್ಮೆ ಅವರ ವಾಟ್ಸ್ಆ್ಯಪಿಗೆ ಒಂದು ಲೆಕ್ಕ ಬಂತು: 2 + 2 × 4 ಎಷ್ಟು? ಅವರ ಕ್ಯಾಲ್ಕುಲೇಟರ್ ಹದಿನಾರು ಎಂದಿತು. ದಿನಾ ಜೀಪಿನ ಮುಂದಿನ ಸೀಟಿನಲ್ಲಿ ಕೂರುವ, ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದ ಗೆಳೆಯ ಮೊಬೈಲಿನಲ್ಲಿ ಒತ್ತಿದರೆ ಹತ್ತು ಬಂತು.

“ಆ ಡಬ್ಬ ತೋಡಿನ ನೀರಿಗೆ ಎಸಿ” ಎಂದರು ಗೆಳೆಯ. ಅಷ್ಟಕ್ಕೇ ಇಬ್ಬರೂ ಮಾತು ಬಿಟ್ಟರು. ಮುಂದಿನ ಸೀಟು ಖಾಲಿಯಾಗಿಯೇ ಓಡಾಡತೊಡಗಿತು.

ನಾನು ಆಗ ಯೂಟ್ಯೂಬ್ ನೋಡಿ ಗಣಿತ ಕಲಿಯುತ್ತಿದ್ದೆ. ಗುಣಿಸುವುದು ಮೊದಲು, ಕೂಡುವುದು ಆಮೇಲೆ ಎಂದು ಎಷ್ಟು ಹೇಳಿದರೂ ಜೀಪಿನವರು ಒಪ್ಪಲಿಲ್ಲ. ಕಡೆಗೆ ಜೀಪನ್ನೇ ತೋರಿಸಿದೆ.

“ಅಣ್ಣ, ಮುಂದೆ ನೀವಿಬ್ರು. ಹಿಂದೆ ಎರಡು ಬೆಂಚು, ಒಂದೊಂದ್ರಲ್ಲಿ ನಾಲ್ಕು ಜನ. ಒಟ್ಟು ಎಷ್ಟು?”

“ಹತ್ತು. ಹದಿನಾರು ಜನನ್ನ ತುಂಬಿದ್ದೂ ಉಂಟು, ಅದು ಬೇರೆ.”

“ನಿಮ್ಮ ಮೆಷಿನ್ ಮುಂದಿನ ಇಬ್ರನ್ನೂ ಬೆಂಚು ಅಂತ ತಿಳ್ಕೊಂಡು ನಾಲ್ಕು ಬೆಂಚು ಲೆಕ್ಕ ಹಾಕಿದೆ.”

ಅವರು ಖಾಲಿ ಸೀಟನ್ನೇ ಸ್ವಲ್ಪ ಹೊತ್ತು ನೋಡಿದರು. ಕ್ಯಾಲ್ಕುಲೇಟರನ್ನು ಅಂಗಿಗೆ ಒರೆಸಿ, ಒತ್ತದೆಯೇ ಒಳಗಿಟ್ಟರು. ಆಮೇಲೆ ಜೀಪನ್ನು ಪಂಕ್ಚರ್ ಅಂಗಡಿ ಮುಂದೆ ನಿಲ್ಲಿಸಿ ಹಾರ್ನ್ ಹೊಡೆದರು.

“ಬಾ ಮಾರಾಯ, ಹತ್ತು. ಹತ್ತಕ್ಕೆ ಒಬ್ಬ ಕಮ್ಮಿ ಇದ್ದಾನೆ.”