ಗೋಡೆಯಾಚೆ ಕೇಳುತ್ತಿದ್ದ ವೈನಿಯ ರೊಟ್ಟಿ

“ಒಬ್ಬಾಕಿನೇ ಇದ್ಲು ಪಾಪ, ಹತ್ರ ಯಾರೂ ಇರ್ಲಿಲ್ಲ, ಹಂಗೇ ಹೋಗಿಬಿಟ್ಲು.” ನಮ್ಮ ವೈನಿಯ, ಅಂದರೆ ಅತ್ತಿಗೆಯ, ಬಗ್ಗೆ ಎಕಂಬಾದಿಂದ ಭಾಲ್ಕಿಯವರೆಗಿನ ಬಂಧುಬಳಗವೆಲ್ಲ ಆಡುವ ಮಾತು ಇದು. ಆಡುವವರಲ್ಲಿ ಒಬ್ಬರೂ ಆ ಬೆಳಗ್ಗೆ ಬೀದರಿನಲ್ಲಿರಲಿಲ್ಲ. ಎಲ್ಲರೂ ಹೇಳುತ್ತಾರೆಂಬ ಕಾರಣಕ್ಕೆ ಒಂದು ಮಾತನ್ನು ಒಪ್ಪುವ ಅಭ್ಯಾಸ ನನಗಿಲ್ಲ. ಶಾಲೆಯನ್ನು ನಡುವೆಯೇ ಬಿಟ್ಟು ಸ್ವಂತ ಓದಿನಿಂದ ಕಲಿತವನಿಗೆ ಅನುಮಾನವೇ ಗುರು.

ವೈನಿ ಎಂದೊಡನೆ ಕಣ್ಣಿಗೆ ಕಟ್ಟುವುದು ಅವರ ಅಂಗೈಗಳು. ಜೋಳದ ಹಿಟ್ಟು ರೇಖೆಗಳೊಳಗೆ ಕೂತು, ಎಷ್ಟು ತೊಳೆದರೂ ಸಂಜೆಯವರೆಗೆ ಬೆಳ್ಳಗೆ ಉಳಿಯುತ್ತಿತ್ತು. ಬಲಗೈಯ ಕಿರುಬೆರಳು ಹೊರಕ್ಕೆ ಬಾಗಿತ್ತು. ರೊಟ್ಟಿಯ ಅಂಚನ್ನು ಅದರಿಂದಲೇ ತಿದ್ದುತ್ತಿದ್ದರು. ಅಣ್ಣನ ಕೈಹಿಡಿದು ಎಕಂಬಾದಿಂದ ಔರಾದಿನ ನಮ್ಮ ಮನೆಗೆ ಅವರು ಬಂದಾಗ ನಾನು ತಾಯಿಯಿಲ್ಲದ ಹುಡುಗ. ಮೈದುನನಾದ ನನ್ನನ್ನು ‘ತಮ್ಮಾ’ ಎಂದು ಕರೆದರು, ಕೊನೆಯವರೆಗೂ ಹಾಗೆಯೇ ಕರೆದರು. ರೊಟ್ಟಿ ಸುಡುತ್ತ, ಕಿರಾಣಿ ಸಾಮಾನು ಕಟ್ಟಿ ಬಂದ ಹಳೆಯ ಪತ್ರಿಕೆಗಳನ್ನು ನನ್ನಿಂದ ಗಟ್ಟಿಯಾಗಿ ಓದಿಸುತ್ತಿದ್ದರು. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ನಾನು ಕಷ್ಟದ ಸಾಲನ್ನು ಹಾರಿಸಿದರೆ ಕೈ ನಿಲ್ಲಿಸಿ ಅನ್ನುತ್ತಿದ್ದರು: “ನಡುವ ಏನೋ ನುಂಗಿದಿ, ತಮ್ಮಾ. ಹೊರಗ ತೆಗಿ.” ನನ್ನ ಓದೆಂಬುದು ಏನಿದೆಯೋ, ಅದು ಆ ಒಲೆಯ ಮುಂದೆ ಆದದ್ದು.

ಮುಂದೆ ಅಣ್ಣ ನೌಕರಿಗೆಂದು ಬೀದರಿಗೆ ಹೋಗಿ ಅಲ್ಲಿನ ಚಿದ್ರಿಯಲ್ಲಿ ಎರಡು ಕೋಣೆಯ ಮನೆ ಕಟ್ಟಿದರು. ಅವರು ತೀರಿದ ಮೇಲೆ ವೈನಿ ಅಲ್ಲಿ ಒಬ್ಬರೇ ಉಳಿದರು. ಒಮ್ಮೆ ಬಚ್ಚಲಲ್ಲಿ ಜಾರಿ ಸೊಂಟಕ್ಕೆ ಪೆಟ್ಟಾದಾಗ ಮಗಳು ಭಾಲ್ಕಿಯ ತನ್ನ ಮನೆಗೆ ಕರೆದೊಯ್ದಳು. ಅವಳ ಆರೈಕೆಯಲ್ಲಿ ಕೊರತೆಯಿರಲಿಲ್ಲ. ನೀರು ಮಂಚಕ್ಕೇ ಬರುತ್ತಿತ್ತು, ತಾಟೂ ಮಂಚಕ್ಕೇ ಬರುತ್ತಿತ್ತು; ವೈನಿ ಕಾಲು ಕೆಳಗಿಟ್ಟರೆ ಮನೆಮಂದಿಯೆಲ್ಲ ಓಡಿಬರುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ನೋವು ಹೋಗಿತ್ತು. ಅದರ ಜೊತೆಗೆ ನಡಿಗೆಯೂ ಹೋಗುತ್ತಿತ್ತು. ನಾನು ನೋಡಲು ಹೋದಾಗ, ಮಗಳು ಚಹಾ ತರಲು ಒಳಗೆ ಹೋಗುವುದನ್ನೇ ಕಾದು, ವೈನಿ ಮೆಲ್ಲಗೆ ಹೇಳಿದರು:

“ತಮ್ಮಾ, ನನಗ ದೇವ್ರ ಜಗಲಿ ಮ್ಯಾಲ ಕುಂದ್ರಿಸಿದಂಗ ಕುಂದ್ರಿಸ್ಯಾರ. ಪೂಜಿ ಚಲೋ ನಡದದ. ಖರೇ, ದೇವ್ರು ಎದ್ದು ಹೋಗಿ ನೀರು ಕುಡಿದದ್ದು ಯಾರರ ನೋಡ್ಯಾರೇನು? ನನ್ನ ಮನಿಗಿ ಒಯ್ಯಿ.”

ಮಗಳು ಒಪ್ಪಲಿಲ್ಲ. “ಕಾಕಾ, ನೀವು ಔರಾದಿಗಿ ಹೋಗಿ ಮಲಗ್ತೀರಿ. ಅವ್ವ ಅಲ್ಲಿ ಮತ್ತ ಬಿದ್ರ ನನಗ ಯಾರು ಹೇಳ್ತಾರ?” ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ತಾರದೆ ವೈನಿಯನ್ನು ಕರೆತರುವ ಹಕ್ಕು ನನಗಿರಲಿಲ್ಲ.

ಚಿದ್ರಿಯ ಮನೆಯ ಬಚ್ಚಲಿಗೆ ಜಾರದ ಕಲ್ಲು ಹಾಸಿಸಿದೆ, ಗೋಡೆಗೆ ಹಿಡಿಕೆ ಕೂಡಿಸಿದೆ, ನೆಲದ ಮೇಲೆ ಕೂತು ರೊಟ್ಟಿ ಮಾಡುವುದು ತಪ್ಪಲೆಂದು ಸ್ಟೂಲಿನಲ್ಲಿ ಕೂತರೆ ಕೈಗೆಟಕುವ ಎತ್ತರಕ್ಕೆ ಕಟ್ಟೆ ಕಟ್ಟಿಸಿದೆ. ಆದರೆ ನಿಜವಾದ ಉತ್ತರ ಕೊಟ್ಟವರು ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ಟೇಲರ್ ಬಾಯಿ. ಎರಡು ಮನೆಗಳಿಗೂ ನಡುವೆ ಒಂದೇ ಗೋಡೆ. ವೈನಿ ಪರಾತವೆಂಬ ಅಗಲ ತಾಟಿನಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳಿಯೇ ತಾವು ದಿನಾ ಏಳುವುದೆಂದೂ, ಒಂದು ಕೀಲಿ ತಮ್ಮಲ್ಲಿಟ್ಟುಕೊಂಡು, ಕೇಳಿಸದ ದಿನ ಬಾಗಿಲು ತೆಗೆದು ಒಳಗೆ ಬರುವುದಾಗಿಯೂ ಹೇಳಿದರು. ವೈನಿ ಒಪ್ಪಿ, ತಮ್ಮದೂ ಒಂದು ಕರಾರು ಸೇರಿಸಿದರು: “ಸಪ್ಪಳ ಕೇಳಿಸಿದ ದಿನ ಬಾಗಲಾ ಬಡಿಬ್ಯಾಡ. ಜೀವ ಅದನೋ ಇಲ್ಲೋ ಅಂತ ದಿನಾ ಹಣಿಕಿ ನೋಡಿದ್ರ, ಇದ್ದಾಕಿನೂ ಇಲ್ಲದಂಗ ಆಗ್ತಾಳ.” ಮಗಳ ಕರಾರು ಬೇರೆ: ಇನ್ನೊಂದು ಅವಘಡವಾದರೆ ಅವ್ವ ಕಾಯಂ ಭಾಲ್ಕಿಗೆ.

ವೈನಿ ಚಿದ್ರಿಗೆ ಮರಳಿದ ಕೆಲವೇ ದಿನಗಳಲ್ಲಿ ಒಂದು ಬೆಳಗ್ಗೆ ಸಪ್ಪಳ ಬರಲಿಲ್ಲ. ಟೇಲರ್ ಬಾಯಿ ಭಾಲ್ಕಿಗೆ ಫೋನು ಮಾಡಿ, ಕೀಲಿ ಹಿಡಿದು ಓಡಿದರು. ಓಣಿಯೇ ಬೆನ್ನಿಗೆ ಬಂತು. ಒಳಗೆ ವೈನಿ ಕಟ್ಟೆಯ ಮುಂದೆ ಕೂತು ಸಾಬುದಾಣಿ ಖಿಚಡಿ ತಿನ್ನುತ್ತಿದ್ದರು. “ಏಕಾದಶಿ ದಿನ ಯಾರರ ರೊಟ್ಟಿ ಬಡಿತಾರೇನವ್ವ?” ಎಂದರು. ಟೇಲರ್ ಬಾಯಿಯವರದು ಬೌದ್ಧ ಮನೆತನ, ಅವರು ಉಸಿರು ತಿರುಗಿಸಿಕೊಂಡು, “ನಿಮ್ಮ ಏಕಾದಶಿ ನಮ್ಮ ಗೋಡಿಗಿ ಹ್ಯಾಂಗ ಗೊತ್ತಾಗಬೇಕ್ರಿ, ಆಯಿ?” ಎಂದರಂತೆ.

ಅಳುತ್ತಲೇ ಬಸ್ಸಿಳಿದು ಬಂದ ಮಗಳು ಕಂಡದ್ದು ಬಾಗಿಲ ತುಂಬ ನೆರೆದ ಮಂದಿಯನ್ನು, ಅವರ ನಡುವೆ ಬೈಯುತ್ತ ಖಿಚಡಿ ಹಂಚುತ್ತಿದ್ದ ತಾಯಿಯನ್ನು. ಅವಳೂ ಕೂತು ತಿಂದಳು. ಸಂಜೆಯ ಬಸ್ಸಿಗೆ ಒಬ್ಬಳೇ ಹೊರಟಳು. ಸುಳ್ಳಿಗೇ ಇಷ್ಟು ಜನ ಓಡಿ ಬರುವುದಾದರೆ ಖರೇಕ್ಕೂ ಬಂದಾರು ಎಂದು ಆಮೇಲೆ ನನಗೆ ಫೋನಿನಲ್ಲಿ ಹೇಳಿದಳು. ಅಂದಿನಿಂದ ಉಪವಾಸದ ದಿನ ವೈನಿ ಖಾಲಿ ಪರಾತವನ್ನೇ ನಾಲ್ಕು ಸಲ ಬಡಿದು ಸುಮ್ಮನಾಗುತ್ತಿದ್ದರು. ಹೋಗಿದ್ದ ನಡಿಗೆ ಕಾಲಿಗೆ ಮರಳಿ ಬಂತು. ಓಣಿಯ ಅಂಗಡಿಯವನೊಡನೆ ತೊಗರಿಬೇಳೆಯ ಹುಳಕ್ಕಾಗಿ ಜಗಳವಾಡಿ ಬಂದೆನೆಂದು ಹೇಳುವಾಗ ಅವರ ದನಿಯಲ್ಲಿದ್ದ ಹಿಗ್ಗು ಈಗಲೂ ನನ್ನ ಕಿವಿಯಲ್ಲಿದೆ. ಈಗ ನಾನು ಪತ್ರಿಕೆಯನ್ನು ಮನಸ್ಸಿನಲ್ಲೇ ಓದುತ್ತೇನೆ. ಗಟ್ಟಿಯಾಗಿ ಓದಿದರೆ ತಡೆದು ಕೇಳುವವರಿಲ್ಲ.

ಒಂದು ಚಳಿಗಾಲದ ಬೆಳಗ್ಗೆ ಮತ್ತೆ ಸಪ್ಪಳ ಬರಲಿಲ್ಲ. ಅಂದು ಏಕಾದಶಿಯಲ್ಲ. ಟೇಲರ್ ಬಾಯಿ ಒಳಗೆ ಹೋದಾಗ ವೈನಿ ಹಿಟ್ಟು ನಾದಿಟ್ಟು ಗೋಡೆಗೆ ಒರಗಿ ಕೂತಿದ್ದರು; ತೋಳಿನಲ್ಲಿ ಬಲವಿರಲಿಲ್ಲ. ಅವರು ಭಾಲ್ಕಿಗೆ ಫೋನು ಮಾಡಿದರು, ಆಟೋ ತರಲು ಗಂಡನನ್ನು ಕಳಿಸಿದರು. ನಾದಿದ ಹಿಟ್ಟು ಕೆಡಿಸಬಾರದು, ಆಟೋ ಬರುವತನಕ ನೀನೇ ಬಡಿ ಎಂದು ವೈನಿ ಹಟ ಹಿಡಿದರು. ಟೇಲರ್ ಬಾಯಿ ರೊಟ್ಟಿ ಬಡಿಯತೊಡಗಿದರು.

ಬಳಗದ ಮಾತನ್ನು ನಂಬುವವರು ಒಮ್ಮೆ ಚಿದ್ರಿಗೆ ಹೋಗಿ ಬರಲಿ. ಟೇಲರ್ ಬಾಯಿ ಅದೇ ಮನೆಯಲ್ಲಿದ್ದಾರೆ. ಮಷೀನು ನಿಲ್ಲಿಸಿ, ಕೇಳಿದವರಿಗೆಲ್ಲ ಒಂದೇ ರೀತಿ ಹೇಳುತ್ತಾರೆ:

“ಅಂಚು ದಪ್ಪ ಆಗ್ಲಾಕತ್ತದ, ತಿರುವು, ನಿನಗೇನೂ ಬರಲ್ಲ ಅಂತ ಆಯಿ ಬೈಲಾಕತ್ತಿದ್ರು. ನಾ ಬಡಿಲಾಕತ್ತಿದ್ದೆ. ಬೈಯೋದು ನಿಂತಿತ್ರಿ. ಆಗ ಹೊಳ್ಳಿ ನೋಡಿದೆ.”