ಗ್ರೇಟಿಂಗ್ ಗಾಜಿನ ಮೇಲೆ ವಿಭೂತಿ

ಹೋದ ತಿಂಗಳು ಕಪಾಟು ಒರೆಸುವಾಗ ಹಳೆಯ ಸಿ.ಡಿ.ಯೊಂದು ಕೈಗೆ ಸಿಕ್ಕಿತು. ಕಿಟಕಿಯ ಬಿಸಿಲಿಗೆ ಹಿಡಿದರೆ ಅದರ ತುಂಬ ಬಣ್ಣ. ತಟ್ಟನೆ ಮಗುಚಿಟ್ಟೆ. ಬಣ್ಣ ಕಂಡು ಹೆದರುವವಳು ನಾನೊಬ್ಬಳೇ ಇರಬೇಕು...

ಎಪ್ಪತ್ತರ ದಶಕದ ಮಾತು. ಚಿತ್ರದುರ್ಗದ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆ. ನನ್ನ ಪಾಲಿಗೆ ಬಂದದ್ದು ಸ್ಪೆಕ್ಟ್ರೋಮೀಟರು. ಸೋಡಿಯಂ ದೀಪದ ಹಳದಿ ಬೆಳಕನ್ನು ಗ್ರೇಟಿಂಗ್ ಎಂಬ ಗಾಜಿನ ಮೂಲಕ ಹಾಯಿಸಿದರೆ ಅದು ಎರಡು ಗೆರೆಯಾಗಿ ಒಡೆಯುತ್ತದೆ, ಅದನ್ನು ಅಳೆಯಬೇಕು. ಆ ಗಾಜಿನ ಮೇಲೆ, ಸಿ.ಡಿ.ಯ ಮೇಲಿರುವಂತೆಯೇ, ಕಣ್ಣಿಗೆ ಕಾಣದ ಗೀರುಗಳು, ಸಾವಿರಾರು; ಬೆಳಕನ್ನು ಒಡೆಯುವುದು ಅವೇ. ಇಡೀ ಲ್ಯಾಬಿಗೆ ಇದ್ದದ್ದು ಅದೊಂದೇ. ಅದರ ಉಸ್ತುವಾರಿ ಹೊಸದುರ್ಗದ ಕಡೆಯ ಅಟೆಂಡರದು. ನಾವೆಲ್ಲ ಲ್ಯಾಬಣ್ಣ ಅನ್ನುತ್ತಿದ್ದೆವು. ಗ್ರೇಟಿಂಗನ್ನು ಕೈಗೂಸಿನಂತೆ ನೋಡಿಕೊಳ್ಳುತ್ತಿದ್ದರು.

ಅವತ್ತು ಗಾಜಿನ ಮೇಲೆ ಬೆರಳಿನ ಗುರುತು ಕಂಡಿತು. ಮನೆಯಲ್ಲಿ ಲಾಟೀನಿನ ಗಾಜು ಮಬ್ಬಾದರೆ ಮಾಡುತ್ತಿದ್ದುದನ್ನೇ ಮಾಡಿದೆ. ಪರೀಕ್ಷೆಗೆಂದು ಅವ್ವ ಕಟ್ಟಿಕೊಟ್ಟಿದ್ದ ವಿಭೂತಿಯನ್ನು ಚಿಟಿಕೆಯಷ್ಟು ಹಾಕಿ ಸೆರಗಿನಿಂದ ತಿಕ್ಕಿದೆ. ಎಂಥ ಜಾಣೆ! ಸ್ಪೆಕ್ಟ್ರೋಮೀಟರಿನ ಕೊಳವೆಗೆ ಕಣ್ಣಿಟ್ಟು ನೋಡಿದರೆ ಗೆರೆಯೇ ಇಲ್ಲ, ಬರೀ ಹಳದಿ ಮಂಜು. ಪರವೂರಿನಿಂದ ಬಂದಿದ್ದ ಪರೀಕ್ಷಕರು ಎರಡು ಮೇಜಿನಾಚೆ ಇದ್ದರು.

ಲ್ಯಾಬಣ್ಣ ಬಂದು ಬಗ್ಗಿ ನೋಡಿದರು. ಮುಖ ಬಿಳಿಚಿಕೊಂಡಿತು.

“ವಿಭೂತಿ ಹಾಕಿ ತಿಕ್ಕಿದೆಯೇನವ್ವ?”

“ಫೇಲಾದ್ರೆ ಅಪ್ಪ ಮುಂದಕ್ಕೆ ಓದ್ಸಲ್ಲ ಅಣ್ಣಾ...”

ಅವರು ಬೈಯಲಿಲ್ಲ. ಫೋಟೋ ಕಾಗದ ಸುತ್ತಿ ಬಂದಿದ್ದ ಕಪ್ಪು ಹಾಳೆ ಹರಿದು, ಗಾಜಿಗೆ ತಾಗದಂತೆ ನಡುಭಾಗ ಮುಚ್ಚಿ, ಒಂದು ಅಂಚು ಮಾತ್ರ ಬಿಟ್ಟರು.

“ಅಂಚಿನಾಗೆ ಇನ್ನಾ ಗೀರು ಉಳ್ದವೆ, ನೋಡು. ಆದ್ರೆ ಪರೀಕ್ಷೆ ಮುಗುದ್ ಮೇಲೆ ಗಾಜು ಕೆಟ್ಟಿದ್ದು ನಿನ್ನಿಂದ ಅಂತ ನಿಮ್ ಫಿಸಿಕ್ಸ್ ಸಾರಿಗೆ ನೀನೇ ಹೇಳ್ಬೇಕು. ನನ್ ಕೆಲ್ಸ ಇನ್ನಾ ಕಾಯಂ ಆಗಿಲ್ಲ.”

“ಹೇಳ್ತೀನಣ್ಣ.”

ಮತ್ತೆ ಕಣ್ಣಿಟ್ಟೆ. ಎರಡು ಹಳದಿ ಗೆರೆ, ಸಣ್ಣಗೆ, ಪಕ್ಕಪಕ್ಕದಲ್ಲಿ! ಅಷ್ಟರಲ್ಲಿ ಪರೀಕ್ಷಕರು ಬಂದರು. ಕಪ್ಪು ಹಾಳೆ ಕಂಡು ಹುಬ್ಬೇರಿಸಿದರು. ಬಗ್ಗಿ ಕೊಳವೆಗೆ ಕಣ್ಣಿಟ್ಟರು. ಲ್ಯಾಬಣ್ಣ ಬಾಗಿಲ ಹತ್ತಿರ ನಿಂತು ನನ್ನನ್ನಲ್ಲ, ಗಾಜನ್ನು ನೋಡುತ್ತಿದ್ದರು. ಪರೀಕ್ಷಕರು ತಲೆಯಾಡಿಸಿ ಮುಂದೆ ಹೋದರು.

ಪಾಸಾದೆ. ಸಾರಿಗೆ ಹೇಳಲಿಲ್ಲ. ನಾಳೆ ಹೇಳಿದರಾಯಿತು, ಫಲಿತಾಂಶ ಬಂದ ಮೇಲೆ ಹೇಳಿದರಾಯಿತು ಅಂದುಕೊಂಡೇ... ಮಾರ್ಕ್ಸ್ ಕಾರ್ಡಿಗೆಂದು ಹೋದಾಗ ಲ್ಯಾಬಿನಲ್ಲಿ ಬೇರೆ ಅಟೆಂಡರ್ ಇದ್ದ. ತಪಾಸಣೆಯಲ್ಲಿ ಗಾಜು ಹಾಳಾದದ್ದು ಗೊತ್ತಾಗಿ ಲ್ಯಾಬಣ್ಣನನ್ನು ಕೆಲಸದಿಂದ ತೆಗೆದರಂತೆ. ಅವರು ನನ್ನ ಹೆಸರು ಎತ್ತಿರಲಿಲ್ಲ. ಸಾರ್ ಪಕ್ಕದ ಕೋಣೆಯಲ್ಲೇ ಇದ್ದರು. ನಾನು ಕಾರ್ಡು ತೆಗೆದುಕೊಂಡು ಬಸ್ಸು ಹತ್ತಿದೆ. ಹೇಡಿ ನಾನು.

ಮೊನ್ನೆ ವಿಳಾಸ ವಿಚಾರಿಸಿಕೊಂಡು ಹೊಸದುರ್ಗಕ್ಕೆ ಹೋದೆ. ಲ್ಯಾಬಣ್ಣ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಅವರ ಮಗಳು ಕಾಫಿ ತಂದುಕೊಟ್ಟಳು.

“ಕುಂತ್ಕಳ್ರಿ. ಅಪ್ಪನ ಕಾಲೇಜಿನೋರಾ ನೀವು? ಒಂದು ಹುಡುಗಿ ಬಂದು ಸಾರಿಗೆ ಹೇಳ್ತಾಳೆ, ನನ್ನ ವಾಪಸ್ ಕರೀತಾರೆ ಅಂತ ಅಪ್ಪ ಭಾಳ ದಿನ ಕಾದ್ರು. ಅವಳ್ಯಾರೋ... ನಿಮಗೇನಾದ್ರೂ ಗೊತ್ತೈತಾ?”

ಗೊತ್ತಿಲ್ಲ ಎಂದೆ.