ಮೊದಲ ಚಮಚ

ನಮ್ಮ ಮನೆಯಲ್ಲಿ ಭಾನುವಾರದ ಪುಡಿಂಗಿನ ಮೊದಲ ಚಮಚ ನನ್ನದು. ಅಣ್ಣ ಎಷ್ಟೇ ಮುಖ ಊದಿಸಿಕೊಳ್ಳಲಿ, ಅಪ್ಪ ಅಡುಗೆಮನೆಯ ಬಾಗಿಲಲ್ಲಿ ಎಷ್ಟೇ ಸುಳಿದಾಡಲಿ, ಅತ್ತೆ ಆ ಚಮಚವನ್ನು ನನ್ನ ಬಾಯಿಗೇ ಇಡುತ್ತಿದ್ದಳು. ನಾನು ಅವಳ ಮುದ್ದಿನ ಸೊಸೆ, ಅದಕ್ಕೇ ಈ ಮರ್ಯಾದೆ ಎಂದು ಹನ್ನೊಂದು ವರ್ಷದವರೆಗೂ ಬೀಗಿಕೊಂಡು ಓಡಾಡಿದೆ. ಎಂಥ ಪೆದ್ದಿ ನಾನು.

ಅತ್ತೆ ಎಂದರೆ ಅಪ್ಪನ ಅಕ್ಕ. ಮದುವೆ ಮಾಡಿಕೊಳ್ಳದೆ ನಮ್ಮ ಜೊತೆಗೇ ಇದ್ದಳು. ದೊಡ್ಡಾಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ. ಗಟ್ಟಿ ಪದಾರ್ಥ ನುಂಗಲಾಗದ ರೋಗಿಗಳಿಗೆ ಗಂಜಿ, ಸೂಪು, ವಾರಕ್ಕೆರಡು ಸಲ ಹಣ್ಣಿನ ಪುಡಿಂಗ್ ಮಾಡುವುದು ಅವಳ ಪಾಲಿಗೆ ಬಂದಿತ್ತು. ಗಿಡ್ಡ ಆಳು, ಮಾತು ಕಡಿಮೆ. ಆದರೆ ಒಲೆಯ ಮುಂದೆ ನಿಂತಳೆಂದರೆ ಅವಳನ್ನು ಅಲ್ಲಿಂದ ಕದಲಿಸಲು ಯಾರಿಂದಲೂ ಆಗುತ್ತಿರಲಿಲ್ಲ. ಬಾಗಿಲು ಬಡಿದರೂ ಹೋಗುತ್ತಿರಲಿಲ್ಲ, ಕರೆದರೂ ತಿರುಗುತ್ತಿರಲಿಲ್ಲ. ಒಲೆ ಏನು ಎದ್ದು ಓಡಿಹೋಗುತ್ತದೆಯೇ ಎಂದು ಅಮ್ಮ ರೇಗಿಸುತ್ತಿದ್ದಳು. ಅತ್ತೆ ನಕ್ಕು ಸುಮ್ಮನಾಗುತ್ತಿದ್ದಳು.

ಹಣ್ಣಿನಂಗಡಿಯವನು ಅವಳಿಗಾಗಿಯೇ ಮಾರಿಹೋಗದ ಹಣ್ಣು ತೆಗೆದಿಡುತ್ತಿದ್ದ. ಕಪ್ಪು ಚುಕ್ಕೆ ಬಿದ್ದ ಬಾಳೆಹಣ್ಣು, ತೊಟ್ಟಿನ ಬಳಿ ಮೆತ್ತಗಾದ ಮಾವು, ಒಂದು ಪಕ್ಕ ಪೆಟ್ಟು ತಿಂದ ಸೇಬು. ಎಲ್ಲರೂ ಹಣ್ಣನ್ನು ಮೂಸಿ ಆರಿಸುತ್ತಾರೆ. ಅತ್ತೆ ಹೆಬ್ಬೆರಳಿನಿಂದ ಒತ್ತಿ, ಬೆಳಕಿಗೆ ಹಿಡಿದು ಆರಿಸುತ್ತಿದ್ದಳು. ಆಮೇಲೆ ಹಿಂದಿನ ದಿನದ ಬ್ರೆಡ್ಡಿನ ಅಂಚು ಕತ್ತರಿಸಿ ಹಾಲಿನಲ್ಲಿ ನೆನೆಸುವುದು, ಮೊಟ್ಟೆ ಕದಡುವುದು, ಹಣ್ಣು ಹಿಸುಕಿ ಬೆರೆಸುವುದು. ಹಳೆಯ ಬಿಸ್ಕತ್ತಿನ ಡಬ್ಬಿಯ ತಳದಲ್ಲೇ ಸಕ್ಕರೆ ಕರಗಿಸಿ, ಅದು ಕಂದು ಬಣ್ಣಕ್ಕೆ ತಿರುಗುವವರೆಗೆ ಕಣ್ಣು ಮಿಟುಕಿಸದೆ ನೋಡಿ ತಟ್ಟನೆ ಇಳಿಸುತ್ತಿದ್ದಳು.

ಕದಡಿದ್ದನ್ನೆಲ್ಲ ಒಟ್ಟಿಗೆ ಡಬ್ಬಿಗೆ ಸುರಿಯುವವಳಲ್ಲ. ಮೊದಲು ಒಂದಿಷ್ಟನ್ನು ಪುಟ್ಟ ಬಟ್ಟಲಿಗೆ ಹಾಕಿ ಹಬೆಯಲ್ಲಿ ಬೇಯಿಸುತ್ತಿದ್ದಳು. ಅದರಿಂದಲೇ ನನ್ನ ಚಮಚ. ಹೇಗಿದೆ ಎಂದು ಒಂದು ದಿನವೂ ಕೇಳಿದವಳಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು. ಕೆಲವೊಮ್ಮೆ ನಾನು ಬಾಯಿ ಬಿಡುವ ಮೊದಲೇ ಅರ್ಧ ಹಿಡಿ ಸಕ್ಕರೆ ಸೇರಿಸುತ್ತಿದ್ದಳು, ಕೆಲವೊಮ್ಮೆ ನಾಲ್ಕು ಹನಿ ನಿಂಬೆರಸ. ಆಮೇಲೆ ಡಬ್ಬಿ ತುಂಬಿಸಿ, ಬಾಯಿಗೆ ಬಟ್ಟೆ ಕಟ್ಟಿ, ಕುದಿಯುವ ನೀರಿನಲ್ಲಿ ಇಳಿಸುತ್ತಿದ್ದಳು. ಬೆಂದಿತೋ ಇಲ್ಲವೋ ಎಂದು ಡಬ್ಬಿಯನ್ನು ಉಗುರಿನಿಂದ ತಟ್ಟಿ ಆಲಿಸುತ್ತಿದ್ದಳು. ನಾವೂ ಕಿವಿ ಕೊಡುತ್ತಿದ್ದೆವು, ನಮಗೆ ಎಲ್ಲ ಸದ್ದೂ ಒಂದೇ.

ಆರಿದ ಮೇಲೆ ಡಬ್ಬಿಯನ್ನು ತಟ್ಟೆಗೆ ಬೋರಲು ಹಾಕುವ ಹೊತ್ತಿಗೆ ಮನೆಮಂದಿಯೆಲ್ಲ ಹಾಜರು. ಅಪ್ಪ ಕೂಡ ಪೇಪರ್ ಮಡಿಸಿಟ್ಟು ಬರುತ್ತಿದ್ದ. ಅತ್ತೆ ಡಬ್ಬಿ ಎತ್ತಿದಾಗ ಹೊಂಬಣ್ಣದ ಆ ಗುಡ್ಡೆ ಒಮ್ಮೆ ಮೈ ನಡುಗಿಸಿ ನಿಲ್ಲುತ್ತಿತ್ತು, ನೆತ್ತಿಯಿಂದ ಕಂದು ಪಾಕ ನಾಲ್ಕೂ ಕಡೆಗೆ ಇಳಿಯುತ್ತಿತ್ತು. ಯಾರಿಗೂ ಬೇಡವಾದ ಹಣ್ಣು, ಒಣಗಿದ ಬ್ರೆಡ್ಡು ಇದಾಗುವುದು ಹೇಗೆ ಎಂದು ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಈಗಲೂ ಆ ಬೆರಗು ಹೋಗಿಲ್ಲ.

ನನಗೆ ಹನ್ನೊಂದಾದ ವರ್ಷ ಆಸ್ಪತ್ರೆಯ ಅಡುಗೆಮನೆಗೆ ಹೊಸ ಮೇಲ್ವಿಚಾರಕಿ ಬಂದರು. ಕಟ್ಟುನಿಟ್ಟಿನ ಹೆಂಗಸು. ಪುಡಿಂಗಿಗೆ ಇಷ್ಟು ಹೊತ್ತು, ಇಷ್ಟು ಹಾಲು ಯಾಕೆ, ರೋಗಿಗಳಿಗೆ ಬಿಸ್ಕತ್ತು ನೆನೆಸಿ ಕೊಟ್ಟರೆ ಸಾಲದೇ ಎಂದು ಅವರ ವಾದ. ಸೋಮವಾರ ಒಂದು ಪುಡಿಂಗ್ ಮಾಡಿ ತನ್ನಿ, ತಿಂದು ನೋಡಿ ತೀರ್ಮಾನ ಹೇಳುತ್ತೇನೆ ಎಂದರಂತೆ. ಹಿಡಿಸದಿದ್ದರೆ ಪುಡಿಂಗ್ ನಿಲ್ಲುತ್ತದೆ, ಅತ್ತೆ ತರಕಾರಿ ಹೆಚ್ಚುವ ಕೋಣೆಗೆ ಹೋಗಬೇಕು. ಇದನ್ನು ಅಪ್ಪನಿಗೆ ಹೇಳುವಾಗ ಅತ್ತೆ ತಲೆಗೆ ಕಟ್ಟುವ ಬಿಳಿ ಬಟ್ಟೆಯನ್ನು ಮಡಿಸುತ್ತಿದ್ದಳು, ಬಿಚ್ಚುತ್ತಿದ್ದಳು, ಮತ್ತೆ ಮಡಿಸುತ್ತಿದ್ದಳು.  

ಭಾನುವಾರ ಬೆಳಿಗ್ಗೆ ಅತ್ತೆ ಹಣ್ಣು ತರಲು ಹೋಗಿದ್ದಾಗ, ಅಮ್ಮ ಸಹಾಯವಾಗಲಿ ಎಂದು ಹಾಲು ಕಾಯಿಸಲು ಇಟ್ಟಳು. ಪಕ್ಕದ ಮನೆಯವರ ಜೊತೆ ಮಾತಿಗೆ ನಿಂತಳು. ಹಾಲು ತಳ ಹಿಡಿಯಿತು. ಮೇಲಿನ ಹಾಲನ್ನು ಮೆಲ್ಲಗೆ ಬೇರೆ ಪಾತ್ರೆಗೆ ಬಗ್ಗಿಸಿ, ಸೀದ ಪಾತ್ರೆಯನ್ನು ಹಿತ್ತಲಲ್ಲಿ ನೆನೆಹಾಕಿ, ಸುಮ್ಮನಿದ್ದುಬಿಟ್ಟಳು. ಕೆಟ್ಟಿದ್ದರೆ ಅತ್ತಿಗೆಗೆ ವಾಸನೆಯಲ್ಲೇ ಗೊತ್ತಾಗುತ್ತದಲ್ಲ ಎಂದುಕೊಂಡಿದ್ದಳಂತೆ. ಯಾರೇ ಆದರೂ ಹಾಗೇ ಅಂದುಕೊಳ್ಳುತ್ತಿದ್ದರು.

ಪುಟ್ಟ ಬಟ್ಟಲಿನಿಂದ ಚಮಚ ನನ್ನ ಬಾಯಿಗೆ ಬಂತು. ಹಣ್ಣಿನ ಸಿಹಿಯ ಹಿಂದೆಯೇ ಸೀದ ಹಾಲಿನ ಕಮಟು ಮೂಗಿಗೆ ಏರಿತು. ಮುಖ ಕಿವುಚಬೇಕು ಅನ್ನುವಷ್ಟರಲ್ಲಿ ಎದುರಿಗೆ ಅತ್ತೆಯ ಕಣ್ಣು ಕಂಡಿತು. ಅಷ್ಟು ಆಸೆ, ಅಷ್ಟು ಹೆದರಿಕೆ. ಇಲ್ಲ ಅನ್ನಲು ಮನಸ್ಸು ಬರಲಿಲ್ಲ. ಫೋಟೋಗೆ ನಿಂತಾಗ ನಗುವ ಹಾಗೆ ಬಾಯಿ ಅಗಲಿಸಿ ನಕ್ಕೆ. ಅತ್ತೆ ದೊಡ್ಡದೊಂದು ಉಸಿರು ಬಿಟ್ಟು, ಉಳಿದದ್ದನ್ನು ಡಬ್ಬಿಗೆ ಸುರಿದಳು.

ಸೋಮವಾರ ಶಾಲೆಗೆ ರಜೆ. ಡಬ್ಬಿ ಅಲ್ಲಾಡದಂತೆ ಹಿಡಿದುಕೊಳ್ಳಲು ನಾನೂ ಜೊತೆಗೆ ಹೋದೆ. ದಾರಿಯುದ್ದಕ್ಕೂ ನಿಜ ಹೇಳಿಬಿಡೋಣ ಎಂದುಕೊಂಡೆ, ಹೇಳಲಿಲ್ಲ. ಆಸ್ಪತ್ರೆಯ ಅಡುಗೆಮನೆಯಲ್ಲಿ ಆಳೆತ್ತರದ ಪಾತ್ರೆಗಳು, ಒದ್ದೆ ನೆಲ, ಗೋಡೆಯಲ್ಲಿ ಸಾಲಾಗಿ ತೂಗುಹಾಕಿದ ಸೌಟುಗಳು. ಮೇಲ್ವಿಚಾರಕಿ ಮೇಜಿನ ಮುಂದೆ ಕುಳಿತು ಒಂದು ಚಮಚ ಬಾಯಿಗೆ ಇಟ್ಟರು. ಅವರು ಇನ್ನೂ ನುಂಗಿರಲಿಲ್ಲ, ಮೂಗು ಮಾತ್ರ ಸಣ್ಣಗೆ ಕಿವುಚಿತು; ಅತ್ತೆ ಅದನ್ನೇ ನೋಡುತ್ತಿದ್ದಳು.

"ಹಾಲು ತಳ ಹಿಡಿದಿದೆ ಮೇಡಂ," ಎಂದಳು ಅತ್ತೆ. "ತಪ್ಪು ನನ್ನದು. ಒಂದು ಗಂಟೆ ಟೈಮ್ ಕೊಡಿ, ಇಲ್ಲೇ ಮಾಡ್ತೀನಿ."

ಮೇಲ್ವಿಚಾರಕಿ ಚಮಚ ಹಿಡಿದುಕೊಂಡೇ ಅವಳನ್ನು ನೋಡಿದರು. ಆಗಲಿ ಎಂದು ತಲೆಯಾಡಿಸಿದರು. ನಾನು ಗೋಡೆಗೆ ಒರಗಿ ನಿಂತುಬಿಟ್ಟೆ. 

ಅತ್ತೆ ಹೊಸ ಹಾಲು ಕಾಯಿಸಿದಳು. ಪುಟ್ಟ ಬಟ್ಟಲು ಬೆಂದಾಗ ನಾನು ಅಭ್ಯಾಸಬಲದಿಂದ ಮುಂದೆ ಬಂದೆ. ಅವಳು ನನ್ನನ್ನು ದಾಟಿ ಹೋಗಿ ಆ ಚಮಚವನ್ನು ಮೇಲ್ವಿಚಾರಕಿಗೆ ಕೊಟ್ಟಳು. ಅವರ ಮುಖ ನೋಡಿದಳು, ಬಂದು ನಿಂಬೆರಸ ಹಿಂಡಿದಳು. ಮತ್ತೊಂದು ಬಟ್ಟಲು, ಮತ್ತೊಂದು ಚಮಚ. ಈ ಸಲ ಒಂದೇ ಒಂದು ಚಿಟಿಕೆ ಉಪ್ಪು. ಮೂರನೆಯ ಚಮಚಕ್ಕೆ ಆ ಕಟ್ಟುನಿಟ್ಟಿನ ಹೆಂಗಸಿನ ಹಣೆಯ ಗೆರೆಗಳೆಲ್ಲ ಒಂದೊಂದಾಗಿ ಸಡಿಲವಾದವು. ಒಂದು ಮಾತಿಲ್ಲದೆ ಒಬ್ಬರ ನಾಲಿಗೆಯ ಮೇಲಿನದನ್ನು ಇನ್ನೊಬ್ಬರು ಓದುವುದನ್ನು ನಾನು ಕಣ್ಣಾರೆ ಕಂಡೆ. 

"ನೀವು ಒಂದು ಸಲಾನೂ ತಿಂದು ನೋಡ್ಲೇ ಇಲ್ಲವಲ್ಲ," ಎಂದರು ಮೇಲ್ವಿಚಾರಕಿ.

ಅತ್ತೆ ಸೆರಗಿಗೆ ಕೈ ಒರೆಸಿಕೊಂಡಳು. "ಹದಿನೇಳನೇ ವರ್ಷದಲ್ಲಿ ಜೋರು ಜ್ವರ ಬಂತು ಮೇಡಂ. ಆವಾಗಿಂದ ನನಗೆ ರುಚಿನೂ ಇಲ್ಲ, ವಾಸನೇನೂ ಇಲ್ಲ. ಕೆಲಸ ಹೋಗುತ್ತೆ ಅಂತ ಯಾರಿಗೂ ಹೇಳಿಲ್ಲ."

ಇಪ್ಪತ್ಮೂರು ವರ್ಷ. ಅಪ್ಪನಿಗೂ ಗೊತ್ತಿರಲಿಲ್ಲ. ಒಲೆ ಬಿಟ್ಟು ಕದಲದೆ ಇದ್ದದ್ದು, ಹಣ್ಣು ಮೂಸದೆ ಒತ್ತುತ್ತಿದ್ದದ್ದು, ಎಲ್ಲ ನನಗೆ ಒಮ್ಮೆಲೇ ಅರ್ಥವಾಯಿತು. ಹಾಗಾದರೆ ಇಲ್ಲಿ ರುಚಿ ನೋಡುವವರು ಯಾರು ಎಂದು ಮೇಲ್ವಿಚಾರಕಿ ಕೇಳಿದರು.

"ತಿನ್ನೋರೇ ಮೇಡಂ. ಊಟ ಕೊಟ್ಟಾಗೆಲ್ಲ ವಾರ್ಡಿಗೆ ಹೋಗಿ ಮುಖ ನೋಡ್ಕೊಂಡು ಬರ್ತೀನಿ. ಏಳನೇ ಹಾಸಿಗೆ ಅಜ್ಜ ಸೇಬು ಹಾಕಿದ್ರೆ ಕಣ್ಣು ಮುಚ್ಕೊಂಡು ತಿಂತಾರೆ. ಹನ್ನೆರಡನೇ ಹಾಸಿಗೆ ಹುಡುಗಿ ಹುಳಿ ಬಂದ್ರೆ ಎಡಗೆನ್ನೆ ಒಳಗೆ ಎಳ್ಕೋತಾಳೆ."

ಮೇಲ್ವಿಚಾರಕಿ ಬಟ್ಟಲು ಖಾಲಿ ಮಾಡಿದರು. ಪುಡಿಂಗ್ ಇನ್ನು ವಾರಕ್ಕೆ ಮೂರು ಸಲ ಇರಲಿ, ಇವರ ಅಡುಗೆಯನ್ನು ಕಳಿಸುವ ಮೊದಲು ಇನ್ನೊಬ್ಬರು ತಿಂದು ನೋಡಲಿ ಎಂದು ಬರೆದುಕೊಂಡರು. ಕಾರಣ ಬರೆಯಲಿಲ್ಲ. ಆ ಗುಟ್ಟನ್ನು ಅವರು ಕೊನೆಯವರೆಗೂ ಬಿಟ್ಟುಕೊಡಲಿಲ್ಲ.

ಮನೆಯ ದಾರಿಯಲ್ಲಿ ಖಾಲಿ ಡಬ್ಬಿ ನನ್ನ ಕೈಯಲ್ಲಿತ್ತು. ಅರ್ಧ ದಾರಿಯಲ್ಲಿ ಅತ್ತೆ ನಿಂತಳು. 

"ನಿನ್ನೆ ಯಾಕೆ ನಕ್ಕೆ?"

"ನೀನು ಅಳ್ತೀಯ ಅಂತ."

"ನನಗೆ ಇರೋ ನಾಲಿಗೆ ನೀನೊಬ್ಬಳೇ ಪುಟ್ಟಿ," ಎಂದಳು. "ಅದೂ ಸುಳ್ಳು ಹೇಳಿದ್ರೆ ನಾನೇನು ಮಾಡ್ಲಿ?"

ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ರಸ್ತೆಯ ಬದಿಯಲ್ಲೇ ಡಬ್ಬಿಯನ್ನು ತಬ್ಬಿಕೊಂಡು ನಾನು ಬಿಕ್ಕಿ ಬಿಕ್ಕಿ ಅಳತೊಡಗಿದೆ.

ಮುಂದಿನ ಭಾನುವಾರ ಮೊದಲ ಚಮಚ ಅಣ್ಣನಿಗೆ ಹೋಗುತ್ತದೆ ಎಂದು ಖಾತ್ರಿಯಾಗಿದ್ದ ನಾನು ಅಡುಗೆಮನೆಯ ಕಡೆ ತಲೆಯನ್ನೇ ಹಾಕಲಿಲ್ಲ. ಅತ್ತೆ ಹುಡುಕಿಕೊಂಡು ಬಂದು, ನಾನಿದ್ದಲ್ಲೇ ಚಮಚ ಮುಂದೆ ಹಿಡಿದಳು. ಬಾಯಿ ತೆರೆದೆ. ಸಿಹಿ ಸ್ವಲ್ಪ ಕಡಿಮೆ ಇತ್ತು. ನಾನು ಮುಖವನ್ನು ತಡೆಯಲಿಲ್ಲ. ಅವಳು ಸಕ್ಕರೆ ಡಬ್ಬಿಗೆ ಕೈ ಹಾಕುವಾಗ ನಗುತ್ತಿದ್ದಳು.

ಈಗ ಅತ್ತೆಗೆ ಎಪ್ಪತ್ತೆರಡು. ಒಲೆಯ ಮುಂದೆ ನಿಲ್ಲುವವಳು ನಾನು, ಅವಳು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡಿರುತ್ತಾಳೆ. ಡಬ್ಬಿ ತಟ್ಟಿ ಆಲಿಸುವುದು ಇನ್ನೂ ಅವಳೇ. ಗೌರವಕ್ಕೆಂದು ಮೊದಲ ಚಮಚವನ್ನು ಅವಳಿಗೆ ಕೊಡಲು ಹೋದರೆ ನನ್ನ ಕೈಯನ್ನು ನನ್ನ ಬಾಯಿಯ ಕಡೆಗೇ ತಿರುಗಿಸುತ್ತಾಳೆ. ನಾನು ತಿನ್ನುತ್ತೇನೆ, ಅವಳು ನೋಡುತ್ತಾಳೆ. ನಾನು ನುಂಗಿದ ಮೇಲೆ, "ಮಾವು ಚೆನ್ನಾಗಿತ್ತು," ಅನ್ನುತ್ತಾಳೆ.